ಬಾಗಿಲು ತಟ್ಟುವವರು, ದಾರಿ ಅಡ್ಡಗಟ್ಟುವವರು



ಗುರುತಿಲ್ಲದವರು ಬಂದು ಏನಾದರೂ ಕೇಳಿದರೆ ಹೇಗೆ ನಡೆದುಕೊಳ್ಳಬೇಕು ಅಂತ ಇಲವಾಲದವರಿಗೆ ಹೇಳಲು ಬರುವುದು ಅಧಿಕಪ್ರಸಂಗವೇ ಸರಿ. ಊರೂರು ನಡೆದು ಭೂಮಿಯನ್ನೇ ಕೇಳುತ್ತಿದ್ದ ವಿನೋಬಾ ಅವರು 1957ರ ಸೆಪ್ಟೆಂಬರಿನಲ್ಲಿ ಇಲ್ಲಿದ್ದರು. ಗ್ರಾಮದಾನದ ಸಮ್ಮೇಳನಕ್ಕೆ ರಾಜೇಂದ್ರ ಪ್ರಸಾದರೂ ನೆಹರೂ ಅವರೂ ಈ ಊರಿಗೇ ಬಂದರು. ನಾನು ಇವತ್ತು ಯಾರ ವಿಷಯ ಹೇಳುತ್ತೇನೋ ಅವರು ಅಷ್ಟು ದೊಡ್ಡದನ್ನು ಕೇಳುವವರಲ್ಲ. ಒಬ್ಬರು ಅರ್ಧ ಗಂಟೆ ಸಮಯ ಕೇಳುತ್ತಾರೆ. ಇನ್ನೊಬ್ಬರು ಮೊಬೈಲು, ಪರ್ಸು ಕೇಳುತ್ತಾರೆ.

ನಾನು ಮೆಲ್ಬರ್ನಿನ ಪಶ್ಚಿಮದ ಬಡಾವಣೆಯಲ್ಲಿದ್ದಾಗ ಶನಿವಾರ ಬಾಗಿಲು ತಟ್ಟುತ್ತಿದ್ದವರು ಮಾರ್ಮನ್ ಹುಡುಗರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ. ಯಾವಾಗಲೂ ಇಬ್ಬರು. ಇವರದು ಜೋಸೆಫ್ ಸ್ಮಿತ್ ಎಂಬಾತ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಟ್ಟಿದ ಪಂಥ. ಕೇಂದ್ರ ಇರುವುದು ಅಮೆರಿಕದ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ. ದೂರದ ಮಾತು ಅಂದುಕೊಳ್ಳಬೇಡಿ, 1993ರಿಂದ ಬೆಂಗಳೂರಿನಲ್ಲೂ ಇವರ ಮಿಷನ್ ಇದೆ. 2020ರ ಡಿಸೆಂಬರಿನಲ್ಲಿ ಅಲ್ಲೇ ದೇವಾಲಯಕ್ಕೆ ಗುದ್ದಲಿಪೂಜೆಯೂ ಆಯಿತು. ಅವರು ಅದನ್ನು ಹಾಗೆ ಕರೆಯುವುದಿಲ್ಲ ಬಿಡಿ.

ಮಿಷನರಿ ಅಂದರೆ ನಮಗೆ ನೆನಪಾಗುವುದು ಕಿಟೆಲ್, ಮೊಗ್ಲಿಂಗ್, ಇಲ್ಲವೇ ನಮ್ಮ ಮೈಸೂರಿನ ಹಾರ್ಡ್ವಿಕ್ ಶಾಲೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆ. ವರ್ಷಗಟ್ಟಲೆ ಇದ್ದು, ಭಾಷೆ ಕಲಿತು, ನಿಘಂಟು ಬರೆದವರು. ಈ ಹುಡುಗರು ಎರಡು ವರ್ಷಕ್ಕೆ ಬಂದು ಹೋಗುವವರು. ಹುಡುಗಿಯರಾದರೆ ಒಂದೂವರೆ ವರ್ಷ. 2012ರಿಂದ ಹುಡುಗರು ಹದಿನೆಂಟಕ್ಕೇ ಹೊರಡಬಹುದು. ಯಾವ ದೇಶಕ್ಕೆ ಹೋಗಬೇಕೆಂದು ಕೇಂದ್ರದವರೇ ಹೇಳುತ್ತಾರೆ. ಸಂಬಳವಿಲ್ಲ, ಖರ್ಚು ಹೆಚ್ಚಾಗಿ ಅಪ್ಪ ಅಮ್ಮನದು ಅಥವಾ ತಾವೇ ದುಡಿದು ಕೂಡಿಟ್ಟದ್ದು.

ಮೊದಲ ಸಲ ಬಂದಾಗ ನಾನು ಮೈಸೂರಿನವನ ಹಾಗೆ ಫಿಲ್ಟರ್ ಕಾಫಿ ತಂದಿಟ್ಟೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಕಾಫಿ, ಟೀ, ಮದ್ಯ, ಹೊಗೆಸೊಪ್ಪು ಯಾವುದೂ ಅವರಿಗೆ ಆಗದು, 1833ರಿಂದ ಬಂದ ಕಟ್ಟಳೆ ಅದು. ಹಾರ್ಲಿಕ್ಸ್ ಕುಡಿದರು. ಧರ್ಮದ ಮಾತು ಹತ್ತು ನಿಮಿಷಕ್ಕೆ ಮುಗಿಯಿತು, ಉಳಿದದ್ದೆಲ್ಲ ಮನೆಯ ಮಾತು. ಆಗಿನ ನಿಯಮದಲ್ಲಿ ವರ್ಷಕ್ಕೆ ಎರಡೇ ಸಲ ಮನೆಗೆ ಫೋನು: ಕ್ರಿಸ್‌ಮಸ್ಸಿಗೆ ಒಂದು, ತಾಯಂದಿರ ದಿನಕ್ಕೆ ಒಂದು. ವಾರಕ್ಕೊಮ್ಮೆ ಫೋನು ಮಾಡಲು ಬಿಟ್ಟದ್ದು 2019ರ ಫೆಬ್ರುವರಿಯಲ್ಲಿ.

ದಾರಿ ಅಡ್ಡಗಟ್ಟುವವರು ಎದೆಯ ಮೇಲೆ ಹೆಸರು ಹಾಕಿಕೊಂಡು ಬರುವುದಿಲ್ಲ. ಗಂಟೆ ಎಷ್ಟು ಅಂತಲೋ, ಸಿಗರೇಟು ಇದೆಯಾ ಅಂತಲೋ ಶುರು ಮಾಡುತ್ತಾರೆ. ನನ್ನ ಫೋನು ಹೋದದ್ದು ಸ್ಟೇಷನ್ನಿನ ಕೆಳದಾರಿಯಲ್ಲಿ, ಹಾಗೆ ಗಂಟೆ ಹೇಳಲು ಅದನ್ನು ಹೊರಗೆ ತೆಗೆದಾಗ. ನನಗೆ ಪೆಟ್ಟಾಗಲಿಲ್ಲ. ಎಲ್ಲರಿಗೂ ಆ ಪುಣ್ಯ ಇರಲಿಲ್ಲ. 2008ರ ಏಪ್ರಿಲ್‌ನಲ್ಲಿ ಮೆಲ್ಬರ್ನಿನಲ್ಲೇ ಟ್ಯಾಕ್ಸಿ ಓಡಿಸುತ್ತಿದ್ದ ಭಾರತದ ಒಬ್ಬ ಹುಡುಗನಿಗೆ ಚೂರಿ ಬಿದ್ದಾಗ ಚಾಲಕರು ಫ್ಲಿಂಡರ್ಸ್ ಬೀದಿಯ ಚೌಕದಲ್ಲಿ ಕೂತುಬಿಟ್ಟರು. ಡ್ರೈವರ್ ಸೀಟಿಗೆ ರಕ್ಷಣಾ ಪರದೆ ಹಾಕಿಸುತ್ತೇವೆಂದು ಸರ್ಕಾರ ಒಪ್ಪಿದ್ದು ಆಮೇಲೆ. ಮರುವರ್ಷ ಮೇ 31ರಂದು ಇಂಥ ಹಲ್ಲೆಗಳ ವಿರುದ್ಧ ಭಾರತದ ವಿದ್ಯಾರ್ಥಿಗಳ ದೊಡ್ಡ ಮೆರವಣಿಗೆಯೇ ಆಯಿತು. ಅದಕ್ಕೆ ಮೊದಲು ಪೊಲೀಸರು ಕೊಟ್ಟಿದ್ದ ಬುದ್ಧಿಮಾತು ಕೇಳಿ: ರೈಲಿನಲ್ಲಿ ನಿಮ್ಮ ಭಾಷೆಯಲ್ಲಿ ಜೋರಾಗಿ ಮಾತಾಡಬೇಡಿ! ಅಮ್ಮನ ಹತ್ತಿರ ಕನ್ನಡದಲ್ಲಿ ಮಾತಾಡಿದ್ದಕ್ಕೆ ಹೊಡೆತ ತಿಂದರೆ ತಪ್ಪು ಕನ್ನಡದ್ದು ಎಂಬ ಹಾಗೆ.

ಈ ಹಲ್ಲೆಗಳು ಜನಾಂಗದ್ವೇಷವೋ, ಬರೀ ಸುಲಿಗೆಯೋ ಎಂದು ಆಗ ದೊಡ್ಡ ಜಗಳ ನಡೆಯಿತು. ಎರಡೂ ಇತ್ತು ಅಂತ ನನ್ನ ಅಭಿಪ್ರಾಯ. ಆದರೆ ಪೆಟ್ಟು ತಿಂದವರನ್ನು ನೋಡಿ. ವಿದ್ಯಾರ್ಥಿ ವೀಸಾದವರಿಗೆ ವಾರಕ್ಕೆ 20 ಗಂಟೆ ಕೆಲಸಕ್ಕೆ ಅವಕಾಶವಿತ್ತು. ಹಗಲು ಕಾಲೇಜು. ಉಳಿದದ್ದು ಬೇರೆಯವರು ಬೇಡವೆಂದ ರಾತ್ರಿ ಪಾಳಿ. ಬಾಡಿಗೆ ಅಗ್ಗವೆಂದು ಮನೆ ಊರಾಚೆ. ಕೊನೆಯ ರೈಲಿಳಿದು, ಒಬ್ಬನೇ, ಲ್ಯಾಪ್‌ಟಾಪ್ ಚೀಲ ಹೊತ್ತು ನಡೆಯುವವನು ಯಾರ ಕಣ್ಣಿಗೂ ಬೀಳುತ್ತಾನೆ.

ಪೆಟ್ಟು ಬಿದ್ದದ್ದು ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಮೆಲ್ಬರ್ನಿನಲ್ಲಷ್ಟೇ ಅಲ್ಲ. 2015ರ ಮಾರ್ಚ್ 7ರಂದು ಸಿಡ್ನಿಯ ಪ್ಯಾರಮಟ್ಟಾದಲ್ಲಿ, ಕೆಲಸ ಮುಗಿಸಿ ರಾತ್ರಿ ಒಂಬತ್ತೂವರೆ ಹೊತ್ತಿಗೆ ಪಾರ್ಕಿನ ಪಕ್ಕ ನಡೆದು ಬರುತ್ತಿದ್ದ ನಮ್ಮ ದಕ್ಷಿಣ ಕನ್ನಡದ ಹೆಣ್ಣುಮಗಳು ಕೊಲೆಯಾದರು. ಬೆಂಗಳೂರಿನಲ್ಲಿದ್ದ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಇದ್ದರು. 2019ರ ನವೆಂಬರಿನಲ್ಲಿ ನಮ್ಮ ಮೈಸೂರಿನದೇ ಹುಡುಗ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಓದುತ್ತಿದ್ದವನು, ಕೆಲಸ ಮಾಡುತ್ತಿದ್ದ ಮೋಟೆಲಿನಲ್ಲಿ ಗುಂಡಿಗೆ ಬಲಿಯಾದ.

ಇಲ್ಲಿಂದ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ನನ್ನನ್ನು ಮೊದಲು ಕೇಳುವುದು, "ಅಲ್ಲಿ ಮತಾಂತರ ಮಾಡ್ತಾರಂತೆ, ಹೌದಾ ಸಾರ್?" ಪಾಳಿ ಎಷ್ಟು ಗಂಟೆಗೆ ಬಿಡುತ್ತದೆ, ಸ್ಟೇಷನ್ನಿಂದ ಮನೆಗೆ ಯಾವ ದಾರಿ ಅಂತ ಯಾರೂ ಕೇಳುವುದಿಲ್ಲ. ಬಾಗಿಲಿಗೆ ಬಂದವರಿಗೆ ಬೇಡ ಅಂದರೆ ಸಾಕು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋಗುತ್ತಾರೆ. ಬೇಡ ಅಂದರೂ ಹೋಗದವರು ಕೆಳದಾರಿಯಲ್ಲಿರುತ್ತಾರೆ.

ನಾವು ಮಗನ ಜೊತೆ ಕುಕ್ಕರ್ ಕಳಿಸುತ್ತೇವೆ, ಚಟ್ನಿಪುಡಿ ಕಳಿಸುತ್ತೇವೆ, ಬ್ಯಾಂಕಿನ ಸಾಲವನ್ನೂ ಹೊರಿಸಿ ಕಳಿಸುತ್ತೇವೆ. ಆ ಮಾರ್ಮನ್ ಪಂಥದವರು ಜೊತೆಗೊಬ್ಬನನ್ನು ಕಳಿಸುತ್ತಾರೆ. ಇಬ್ಬರಿಗೂ ಪರಸ್ಪರ ಇಷ್ಟವಿರಲಿ, ಇಲ್ಲದಿರಲಿ, ಒಬ್ಬನನ್ನು ಬಿಟ್ಟು ಒಬ್ಬ ಬೀದಿಗಿಳಿಯುವಂತಿಲ್ಲ. ರಾತ್ರಿ ಇಂಥ ಹೊತ್ತಿಗೆ ಮನೆಯೊಳಗಿರಬೇಕು, ಮೇಲೊಬ್ಬ ಹಿರಿಯ ವಿಚಾರಿಸಿಕೊಳ್ಳುತ್ತಾನೆ. ಹಾಗಂತ ಅವರಿಗೆ ಏನೂ ಆಗುವುದಿಲ್ಲ ಅಂತಲ್ಲ, ನನ್ನ ಮನೆಗೆ ಬರುತ್ತಿದ್ದವರ ಸೈಕಲ್ಲುಗಳೂ ಕಳುವಾದವು. ಆದರೆ ಇಬ್ಬರೂ ಒಟ್ಟಿಗೆ ನಡೆದು ಮನೆ ಸೇರಿದರು. ಅವರ ದೇವರು ನನಗೆ ಬೇಡವಾಗಿತ್ತು, ಈ ಏರ್ಪಾಡು ಮಾತ್ರ ಬೇಕಾಗಿತ್ತು. ಕೆಳಗಿನ ಮನೆಯ ಹೈದರಾಬಾದಿನ ಹುಡುಗನೂ ನಾನೂ ರಾತ್ರಿ ಹತ್ತರ ಮೇಲೆ ಒಬ್ಬರಿಗೊಬ್ಬರು ಸ್ಟೇಷನ್ನಿನಲ್ಲಿ ಕಾಯುವ ರೂಢಿ ಮಾಡಿಕೊಂಡೆವು.

ಇನ್ನು ಆ ಹುಡುಗರು ಬಾಗಿಲು ತಟ್ಟಿದರೆ ತೆಗೆಯಬೇಕೋ ಬೇಡವೋ ಅಂತ ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ತೆಗೆಯಿರಿ. ನೀರು ಕೊಡಿ, ಕಾಫಿ ಬೇಕಾ ಅಂತ ಕೇಳಬೇಡಿ. ಮನೆ ಬದಲಿಸುವುದಿದ್ದರೆ ಅದನ್ನೂ ಹೇಳಿ. ನನ್ನ ಫ್ರಿಜ್ಜನ್ನು ಎರಡು ಮಹಡಿ ಇಳಿಸಿಕೊಟ್ಟವರು ಅವರೇ.