ಹುಲ್ಲಿನಿಂದ ಉರುವಲು: ಅದರಲ್ಲಿ ನಮ್ಮ ಪಾಲೇನು?

(ನಾಗಪುರದಲ್ಲಿ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳದ ಮಾತು, ರಜೆಯ ಮಾತು ಬಿಟ್ಟು ಇಂದು ಹುಲ್ಲಿನ ಮಾತೇಕೆ ಎಂದು ಕೆಲವರು ಕೇಳಬಹುದು. ನಾವು ಮಿಡ್ಲ್ ಸ್ಕೂಲಿನವರೆಗೆ ಓದಿ ಹೋಟೆಲಿನ ಒಲೆಯ ಮುಂದೆ ನಿಂತವರು, ವಿಜ್ಞಾನಿಗಳಲ್ಲ. ಆದರೆ ಉರುವಲಿನ ಬೆಲೆ ಏರಿದರೆ ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಂಬಳ ಏರಿಸಿರೆಂದು ಕೇಳಿದಾಗ ಮಾಲಿಕರು ಮೊದಲು ಕೈ ತೋರಿಸುವುದು 19 ಕಿಲೋ ಸಿಲಿಂಡರಿನ ಕಡೆಗೆ. ಊರಿನಲ್ಲಿ ನಮ್ಮ ತಂದೆತಾಯಿಗಳು ಹುಲ್ಲು ಬೆಳೆಯುವವರು, ಇಲ್ಲಿ ನಾವು ಉರುವಲು ಸುಡುವವರು. ಆದುದರಿಂದ ಈ ವಿಚಾರದ ಎರಡು ತುದಿಗಳಲ್ಲಿಯೂ ನಾವೇ ಇದ್ದೇವೆ.

ಮೊದಲು ಕೆಲಸ ಹೇಗೆ ನಡೆಯುತ್ತದೆಂದು ತಿಳಿಯೋಣ. ಕಬ್ಬಿನ ಕಾಕಂಬಿಯಲ್ಲಿ ಸಕ್ಕರೆ ಇದ್ದೇ ಇದೆ. ಅದನ್ನು ಹುದುಗಿಸಿ ಭಟ್ಟಿ ಇಳಿಸಿದರೆ ಎಥನಾಲ್ ಎಂಬ ಮದ್ಯಸಾರ ಬರುತ್ತದೆ. ಅಕ್ಕಿ, ಮುಸುಕಿನ ಜೋಳಗಳಲ್ಲಿರುವುದು ಗಂಜಿ. ಗಿರಣಿಯ ಸೈಜಿಂಗ್ ಖಾತೆಯಲ್ಲಿ ನೂಲಿಗೆ ಗಂಜಿ ಹಾಕಿದ ಅಣ್ಣಂದಿರಿಗೆ ಅದು ಗೊತ್ತು. ಗಂಜಿಯನ್ನು ಸಕ್ಕರೆ ಮಾಡುವುದು ಕಷ್ಟವಲ್ಲ. ಹುಲ್ಲಿನ ಮಾತು ಬೇರೆ. ಅದರಲ್ಲಿರುವುದು ಸೆಲ್ಯುಲೋಸ್, ಹತ್ತಿಯ ಎಳೆಯೂ ಬಹುಪಾಲು ಅದೇ. ಗಂಜಿ ನೀರಿನಲ್ಲಿ ಕುದಿದರೆ ಕರಗುತ್ತದೆ, ಹತ್ತಿಯ ಬಟ್ಟೆ ಕುದಿಸಿದರೂ ಕರಗುವುದಿಲ್ಲ. ಅಷ್ಟೇ ವ್ಯತ್ಯಾಸ, ಆದರೆ ದೊಡ್ಡ ವ್ಯತ್ಯಾಸ. ಮೇಲಾಗಿ ಹುಲ್ಲಿನ ಸೆಲ್ಯುಲೋಸನ್ನು ಲಿಗ್ನಿನ್ ಎಂಬ ಅಂಟು ಗಾರೆಯಂತೆ ಹಿಡಿದಿರುತ್ತದೆ.

ಆದುದರಿಂದ ಹುಲ್ಲನ್ನು ಕತ್ತರಿಸಿ, ನಮ್ಮ ಇಡ್ಲಿ ಪಾತ್ರೆಗಿಂತ ಎಷ್ಟೋ ಪಾಲು ಹೆಚ್ಚಿನ ಒತ್ತಡದ ಹಬೆಯಲ್ಲಿ ಬೇಯಿಸಿ, ಆ ಗಾರೆಯನ್ನು ಸಡಿಲಿಸುತ್ತಾರೆ. ಬಳಿಕ ಕಿಣ್ವಗಳನ್ನು ಹಾಕಿ ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆಯುತ್ತಾರೆ. ಬ್ರೆಡ್ಡಿಗೆ ಹಾಕುವಂಥ ಯೀಸ್ಟು ಆ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಉಳಿದ ಲಿಗ್ನಿನ್ ಬಾಯ್ಲರಿಗೆ ಉರುವಲಾಗುತ್ತದೆ.

ಇದು ಕಾಗದದ ಮಾತಲ್ಲ. ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ 900 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ಕಟ್ಟಿದ ಕಾರ್ಖಾನೆಯನ್ನು 2022ರ ಆಗಸ್ಟ್ 10ರಂದು ದೇಶಕ್ಕೆ ಅರ್ಪಿಸಲಾಯಿತು. ವರ್ಷಕ್ಕೆ 2 ಲಕ್ಷ ಟನ್ ಬತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವುದು ಅದರ ಗುರಿ. ನಾವೇ ಲೆಕ್ಕ ಹಾಕೋಣ: ಒಂದು ಟನ್ ಹುಲ್ಲಿಗೆ 150 ಲೀಟರ್. ಎಥನಾಲಿನ ಶಾಖ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹಾಗಾದರೆ ಒಂದು ಟನ್ ಹುಲ್ಲು ಸುಮಾರು 100 ಲೀಟರ್ ಪೆಟ್ರೋಲಿಗೆ ಸಮ. ಗದ್ದೆಯಲ್ಲಿ ಬೆಂಕಿ ಹಚ್ಚಿ ಹೊಗೆ ಮಾಡುವ ಹುಲ್ಲಿಗೆ ಇದು ಸಣ್ಣ ಬೆಲೆಯಲ್ಲ.

ಇನ್ನು ನಮ್ಮ ನಾಗಪುರದ ಮಾತು. 2014ರ ಆಗಸ್ಟಿನಲ್ಲಿ ದೇಶದ ಮೊದಲ ಎಥನಾಲ್ ಬಸ್ಸು ಓಡಿದ್ದು ಇದೇ ಊರಿನ ಬೀದಿಗಳಲ್ಲಿ. ಹಸಿರು ಬಸ್ಸು ಎಂದು ಹೆಮ್ಮೆಯಿಂದ ನೋಡಿದೆವು. 2018ರಲ್ಲಿ ಹಣಪಾವತಿ, ಡಿಪೋ ಮೊದಲಾದ ತಕರಾರುಗಳಲ್ಲಿ ಆ ಬಸ್ಸುಗಳು ನಿಂತವು. ಉರುವಲು ಕೈಕೊಡಲಿಲ್ಲ, ವ್ಯವಸ್ಥೆ ಕೈಕೊಟ್ಟಿತು. ಈ ಪಾಠವನ್ನು ಮರೆಯಬಾರದು. 2024ರ ಡಿಸೆಂಬರಿನಲ್ಲಿ ಇಲ್ಲಿಗೆ ಸಮೀಪದ ಮನಸರದಲ್ಲಿ, 44ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡು ರಸ್ತೆಯನ್ನು ಲಿಗ್ನಿನ್ ಬೆರೆಸಿದ ಡಾಂಬರಿನಿಂದ ಮಾಡಿ ತೆರೆದರು. ಗಾರೆ ಎಂದೆವಲ್ಲ, ಅದೇ ಲಿಗ್ನಿನ್. ಹುಲ್ಲಿನ ಸಾರ ಗಾಡಿಯ ಒಳಗೆ, ಗಸಿ ಗಾಡಿಯ ಕೆಳಗೆ!

ವಿದರ್ಭ ಹತ್ತಿಯ ನಾಡು. 1877ರಲ್ಲಿ ಜಮ್ಶೆಟ್‌ಜಿ ಟಾಟಾ ಇಲ್ಲಿ ಎಂಪ್ರೆಸ್ ಗಿರಣಿ ತೆರೆದದ್ದೂ ಈ ಹತ್ತಿಯನ್ನು ನೋಡಿಯೇ. ಇಂದು ಆ ಗಿರಣಿಯ ಭೋಂಗಾ ಕೇಳುವುದಿಲ್ಲ, ಆದರೆ ಹತ್ತಿ ಕಟ್ಟಿಗೆ ಪ್ರತಿವರ್ಷ ಹೊಲದಲ್ಲಿ ಉಳಿಯುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಗುಲಾಬಿ ಕಾಯಿಕೊರಕ ಹುಳು ಮುಂದಿನ ಬೆಳೆಗೆ ದಾಟುತ್ತದೆ. ಆದುದರಿಂದ ರೈತರು ಕಿತ್ತು ಸುಡುತ್ತಾರೆ. ಅದೇ ಕಟ್ಟಿಗೆಯನ್ನು ಪುಡಿಮಾಡಿ ಒತ್ತಿದರೆ ಉರುವಲಿನ ಇಟ್ಟಿಗೆಯಾಗುತ್ತದೆ. ನಾಗಪುರದ ಸ್ಮಶಾನಘಾಟುಗಳಲ್ಲಿ ಬೆಳೆಯ ಕಸದ ಇಂಥ ಇಟ್ಟಿಗೆಗಳಿಂದ ಶವಸಂಸ್ಕಾರ ನಡೆದಿದೆ. ಸತ್ತವರಿಗೆ ಸಲ್ಲುವ ಉರುವಲು ಬದುಕಿರುವವರ ಅಡಿಗೆಗೂ ಸಲ್ಲಬಹುದು.

ಇಷ್ಟು ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವಂತಿಲ್ಲ. ನಾವು ನಾಲ್ಕು ಮಾತು ಕೇಳಲೇಬೇಕು.

ಒಂದು: ದನದ ಮೇವು. ಪಂಜಾಬಿನಲ್ಲಿ ಸುಡುವ ಹುಲ್ಲು ನಮ್ಮ ಊರಿನಲ್ಲಿ ಬಣವೆ. ನೆಲ್ಲುಹುಲ್ಲು, ರಾಗಿಹುಲ್ಲು, ಜೋಳದ ಸೊಪ್ಪೆ ನಮಗೆ ಕಸವಲ್ಲ. ಎಮ್ಮೆ ಹಸಿದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ನಮ್ಮ ಕಾಫಿಯೂ ಇಲ್ಲ. ಮೊದಲು ಮೇವು, ಭೂಮಿಗೆ ಗೊಬ್ಬರ. ಉಳಿದದ್ದು ಮಾತ್ರ ಕಾರ್ಖಾನೆಗೆ.

ಎರಡು: ಬೆಲೆ. ಹುಲ್ಲು ಹಗುರ, ಹರಡಿಕೊಂಡಿರುತ್ತದೆ. ಕಟ್ಟಿ ಸಾಗಿಸುವುದರಲ್ಲಿಯೇ ಖರ್ಚು. ಆ ನೆಪದಿಂದ ದಲ್ಲಾಳಿ ನಡುವೆ ಬರುತ್ತಾನೆ. ಒಬ್ಬೊಬ್ಬರೇ ಮಾರಿದರೆ ಅವನು ಹೇಳಿದ್ದೇ ತೂಕ. ಊರಿನವರು ಸೇರಿ ಸಹಕಾರ ಸಂಘದ ಮೂಲಕ ಮಾರಿದರೆ ತಕ್ಕಡಿ ನಮ್ಮ ಕೈಯಲ್ಲಿರುತ್ತದೆ.

ಮೂರು: ಅನ್ನ. ಈಗ ಎಥನಾಲಿಗೆ ಆಹಾರ ನಿಗಮದ ಅಕ್ಕಿಯೂ ಹೋಗಿದೆ, ಮುಸುಕಿನ ಜೋಳವೂ ಹೋಗುತ್ತಿದೆ. ಮೆಸ್ಸಿನಲ್ಲಿ ಉಣ್ಣುವ ನಮಗೆ ಅಕ್ಕಿಯ ಬೆಲೆ ಹೊಟ್ಟೆಯ ಪ್ರಶ್ನೆ. ಕಾಳು ನಮಗಿರಲಿ, ಹುಲ್ಲು ಗಾಡಿಗಿರಲಿ ಎಂದು ನಾವು ಕೇಳಿದರೆ ತಪ್ಪಿಲ್ಲ.

ನಾಲ್ಕು: ಕೆಲಸಗಾರ. ಒಣಹುಲ್ಲಿನ ರಾಶಿಗೆ ಒಂದು ಕಿಡಿ ಸಾಕು. ಹುಲ್ಲಿನ ಧೂಳು ಎದೆಗೆ ಒಳ್ಳೆಯದಲ್ಲ. ಹತ್ತಿಯ ಧೂಳಿನಿಂದ ಕೆಮ್ಮಿ ಕೆಮ್ಮಿ ನಿವೃತ್ತರಾದ ಗಿರಣಿಯ ಅಣ್ಣಂದಿರನ್ನು ಕೇಳಿರಿ. ಹುಲ್ಲು ಹೊರುವವನಿಗೆ ಹಾಜರಿ ಪುಸ್ತಕದಲ್ಲಿ ಹೆಸರು, ಮುಖಕ್ಕೆ ಮುಸುಕು, ಪ್ರಾವಿಡೆಂಟ್ ಫಂಡು ಇರಬೇಕು. ಹಸಿರು ಉರುವಲು ಎಂದು ಬೋರ್ಡು ಹಾಕಿ ಒಳಗೆ ಗುತ್ತಿಗೆಯ ದುಡಿಮೆ ನಡೆಸಿದರೆ ಆ ಹಸಿರು ನಮಗೆ ಬೇಡ.

ಬಂಧುಗಳೇ, ಹೊಗೆಯ ಅಡಿಗೆಮನೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಸಿಲಿಂಡರು ದುಬಾರಿಯೆಂದು ಯಾವ ಹೋಟೆಲಿನಲ್ಲಾದರೂ ಹತ್ತಿಕಟ್ಟಿಗೆಯ ಒಲೆ ತಂದರೆ ಬೇಡವೆನ್ನಬೇಡಿರಿ. ಆದರೆ ಒಳ್ಳೆಯ ಚಿಮಣಿ ಮೊದಲು ಬರಲಿ ಎಂದು ಹೇಳಿರಿ. ಈ ವಾರ ಊರಿಗೆ ಫೋನು ಮಾಡುವಾಗ ಮಳೆಬೆಳೆ ಕೇಳಿದ ಮೇಲೆ ಇನ್ನೊಂದು ಮಾತು ಕೇಳಿರಿ: ಬಣವೆ ಎಷ್ಟಿದೆ, ಕೊಳ್ಳಲು ಯಾರಾದರೂ ಬಂದಿದ್ದರೇ, ಏನು ಬೆಲೆ ಹೇಳಿದರು? ಉತ್ತರವನ್ನು ಸಂಘದ ಕಚೇರಿಗೆ ತಂದು ಬರೆಸಿರಿ. ಹತ್ತು ಊರಿನ ಬೆಲೆ ಒಂದು ಪುಸ್ತಕದಲ್ಲಿ ಕೂಡಿದರೆ, ದಲ್ಲಾಳಿಯ ಮುಂದೆ ನಮ್ಮ ತಂದೆತಾಯಿಗಳು ಒಂಟಿಯಾಗಿ ನಿಲ್ಲಬೇಕಾಗುವುದಿಲ್ಲ.