ದೇವಯಾನಿಯ ದೀಪಗಳು

ಮಗಳು ಖಗೋಳಶಾಸ್ತ್ರದಲ್ಲಿ ಸಂಶೋಧನೆ ಮಾಡುವೆನೆಂದಾಗ ನಾನು ಒಪ್ಪಿರಲಿಲ್ಲ. “25 ಲಕ್ಷ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ಲೆಕ್ಕ ನಮಗ್ಯಾಕವ್ವಾ?” ಎಂದಿದ್ದೆ. ಅವಳು ವಾದಿಸಲಿಲ್ಲ. “ಅಪ್ಪಾ, ಒಂದ್ಸಂಜಿ ರಾಜಹಂಸಗಡಕ್ಕ ಹೋಗೂಣ ಬರ್ರಿ” ಎಂದಳು.

ಕೇಳುಗರೆ, ಕ್ಯಾಂಪಿನ ನಮ್ಮ ಮನೆಯ ಅಂಗಳದಲ್ಲಿ ನಿಂತರೆ ಹತ್ತಿರದ ಬೀದಿದೀಪವೇ ಊರಿಗೆಲ್ಲ ದೊಡ್ಡದು. ದೂರದವು ಮರಗಳ ಮರೆಯಲ್ಲಿ ಅಡಗುತ್ತವೆ. ಯಳ್ಳೂರಿನ ಆ ಗುಡ್ಡದಿಂದ ನೋಡಿದಾಗಲಾದರೋ ಬೆಳಗಾವಿಯ ದೀಪಗಳೆಲ್ಲ ಬಹುಮಟ್ಟಿಗೆ ಸಮದೂರದಲ್ಲಿದ್ದವು. ಅಲ್ಲಿಂದ ಪ್ರಖರವಾಗಿ ಕಂಡದ್ದು ನಿಜವಾಗಿಯೂ ಪ್ರಖರವಾದ ದೀಪವೇ.

ಆಕಾಶಗಂಗೆಯೊಳಗೆ ನಮ್ಮ ಸ್ಥಿತಿ ಅಂಗಳದಲ್ಲಿ ನಿಂತವನದೇ. ಧೂಳು ಕವಿದಿದೆ, ದೂರಗಳನ್ನು ಅಳೆಯುವುದು ಕಷ್ಟ. ನಮ್ಮ ನೆರೆಯ ದೊಡ್ಡ ಸುರುಳಿ ಗೆಲಾಕ್ಸಿಯಾದ ಆಂಡ್ರೊಮಿಡಾಕ್ಕೆ ಕನ್ನಡದಲ್ಲಿ ದೇವಯಾನಿಯೆಂದು ಹೆಸರು. ಯಯಾತಿಯ ಪತ್ನಿಯೆಂದಷ್ಟೇ ನಾನು ತರಗತಿಯಲ್ಲಿ ಪರಿಚಯಿಸಿದ ಹೆಸರು ಅದು. ಅಲ್ಲಿಯ ಕ್ಷ-ಕಿರಣದ ಮೂಲಗಳೆಲ್ಲ ನಮಗೆ ಹೆಚ್ಚುಕಡಿಮೆ ಸಮದೂರ. ಆದುದರಿಂದ ಅವುಗಳ ಶಕ್ತಿಯನ್ನು ಒಂದರೊಡನೊಂದು ಹೋಲಿಸಬಹುದು.

ಇವುಗಳಲ್ಲಿ ಹಲವು ಜೋಡಿತಾರೆಗಳು. ಸತ್ತ ನಕ್ಷತ್ರದ ಶೇಷವಾದ ನ್ಯೂಟ್ರಾನ್ ನಕ್ಷತ್ರ ಇಲ್ಲವೆ ಕಪ್ಪುಕುಳಿ ತನ್ನ ಸಂಗಾತಿಯ ಅನಿಲವನ್ನು ಸೆಳೆಯುತ್ತದೆ. ಸುತ್ತಿ ಸುತ್ತಿ ಬೀಳುವ ಆ ಅನಿಲ ಲಕ್ಷ, ಕೋಟಿ ಡಿಗ್ರಿಗಳಷ್ಟು ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. ನಮ್ಮ ವಾಯುಮಂಡಲ ಅವುಗಳನ್ನು ಕೆಳಗಿಳಿಯಗೊಡದು. ನೋಡಬೇಕಾದರೆ ಅದರಾಚೆಗೆ ಏರಬೇಕು.

ಏರುವ ಸಾಹಸ ನಮ್ಮಲ್ಲಿ ಹಳೆಯದು. 1975ರಲ್ಲಿ ಉಡುಪಿಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟದಲ್ಲಿಯೇ ಕ್ಷ-ಕಿರಣದ ಉಪಕರಣವಿತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಆ ಪ್ರಯೋಗ ನಿಂತಿತು. ನಾಲ್ಕು ದಶಕಗಳ ತರುವಾಯ, 2015ರ ಸೆಪ್ಟೆಂಬರ್ 28ರಂದು, ಆಸ್ಟ್ರೋಸ್ಯಾಟ್ ಏರಿತು. ಅದರ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ. ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತು 1999ರಲ್ಲಿ ಹಾರಿದ ‘ಚಂದ್ರಾ’ ವೀಕ್ಷಣಾಲಯ ದೇವಯಾನಿಯಲ್ಲಿ ಕಂಡ ಕೆಲವು ಕ್ಷ-ಕಿರಣ ಮೂಲಗಳನ್ನು ಈ ದೂರದರ್ಶಕವೂ ಗುರುತಿಸಿತು. ಈ ತಾಳೆನೋಡುವಿಕೆ ಮುಖ್ಯ. ಗುಡ್ಡದಿಂದ ಕಂಡ ಒಂದು ದೀಪ ಬೆಳಗಾವಿಯದಾಗಿರದೆ ಬುಡದ ಹಳ್ಳಿಯದೋ ಊರಾಚೆಯದೋ ಆಗಿರಬಹುದಷ್ಟೆ? ಹಾಗೆಯೇ ಆ ದಿಕ್ಕಿನ ಬೆಳಕೆಲ್ಲ ದೇವಯಾನಿಯದಲ್ಲ. ನಮ್ಮವೇ ನಕ್ಷತ್ರಗಳೂ ಅತಿದೂರದ ಗೆಲಾಕ್ಸಿಗಳೂ ಅದರಲ್ಲಿ ಬೆರೆತಿರುತ್ತವೆ.

ನೆರೆಯ ಲೆಕ್ಕ ನಮಗೇಕೆಂದು ಕೇಳಿದವನಿಗೆ ಉತ್ತರ ಗುಡ್ಡದ ಮೇಲೆ ದೊರೆಯಿತು: ಸ್ವಂತ ಮನೆ ಎಂಥದೆಂದು ಅರಿಯುವುದಕ್ಕೆ. ಇಳಿಯುವಾಗ ಕತ್ತಲಲ್ಲಿ ಅವಳೇ ನನ್ನ ಕೈ ಹಿಡಿದಿದ್ದಳು. ಮರುದಿನ ಬೆಂಗಳೂರಿಗೆ ರಾಣಿ ಚನ್ನಮ್ಮ ರೈಲಿನ ಟಿಕೀಟನ್ನು ನಾನೇ ತೆಗೆಸಿಕೊಟ್ಟೆ.