ಕೊನೆಗಾರನ ಕೂಲಿ, ಸುಲಿಯುವವಳ ಕೂಲಿ

(ಭಾಷಣದ ಬರಹರೂಪ)



ಕುಶಲ ಕೆಲಸಗಾರರಿಗೂ ಅಕುಶಲರೆನಿಸಿಕೊಂಡವರಿಗೂ ಒಂದೇ ಕೂಲಿ ಸಲ್ಲಬೇಕೇ ಎಂಬ ಪ್ರಶ್ನೆಯನ್ನು ಇಂದು ನನಗೆ ವಹಿಸಿದ್ದೀರಿ. ಪ್ರಶ್ನೆ ಹಳೆಯದು. ಅದನ್ನು ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹೊಲ-ತೋಟಗಳಲ್ಲಿ ನಿಂತು ನೋಡುವುದು ಲೇಸೆಂದು ನನ್ನ ಭಾವನೆ.

ಚನ್ನಗಿರಿಯ ಅಡಿಕೆ ತೋಟವನ್ನೇ ತೆಗೆದುಕೊಳ್ಳೋಣ. ಕೊನೆಗಾರನು ಮರವೇರಿ ಕೊನೆ ಕೊಯ್ಯುತ್ತಾನೆ. ಕೆಳಗಿಳಿಯದೆ ಮರವನ್ನು ಬಾಗಿಸಿ ಪಕ್ಕದ ಮರವನ್ನು ಹಿಡಿಯುತ್ತಾನೆ. ಕೆಳಗೆ ಹಗ್ಗ ಹಿಡಿದವನು ಕೊನೆ ನೆಲಕ್ಕೆ ಬಡಿಯದಂತೆ ಇಳಿಸಿಕೊಳ್ಳುತ್ತಾನೆ. ಬಳಿಕ ಹೆಂಗಸರು ಕತ್ತಿಯ ಮುಂದೆ ಕುಳಿತು ಸುಲಿಯುತ್ತಾರೆ. ಚೊಗರು ಹಾಕಿ ಬೇಯಿಸಿ, ಒಣಗಿಸಿ, ಆರಿಸಿದ ಮೇಲೆಯೇ ಅದು ರಾಶಿ ಅಡಿಕೆಯಾಗಿ ಮಂಡಿ ಸೇರುವುದು. ಕೊನೆಗಾರನಿಗೆ ಹೆಚ್ಚಿನ ಕೂಲಿ. ಸುಲಿಯುವವರಿಗೆ ಅಳತೆಯ ಲೆಕ್ಕದ ಕೂಲಿ. ಒಣಹಾಕುವವರಿಗೆ ಸಾಮಾನ್ಯ ದಿನಗೂಲಿ.

ಕೊನೆಗಾರನಿಗೆ ಹೆಚ್ಚು ಕೊಡುವುದು ನ್ಯಾಯವೇ? ನ್ಯಾಯವೆಂದೇ ನಾನು ಹೇಳುತ್ತೇನೆ. ಆ ವಿದ್ಯೆ ಕೈಗೂಡಲು ವರ್ಷಗಳು ಬೇಕು. ಬಿದ್ದರೆ ಸೊಂಟವೋ ಪ್ರಾಣವೋ ಹೋಗುತ್ತದೆ. ವಯಸ್ಸಾದಂತೆ ಮರವೇರುವ ಶಕ್ತಿ ಉಡುಗುತ್ತದೆ. ಮರವೇರಲು ಹುಡುಗರು ಮುಂದೆ ಬರುತ್ತಿಲ್ಲವಾದ್ದರಿಂದ ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿಗಳು ತೋಟಕ್ಕೆ ಬಂದಿವೆ. ಅವನಿಗೂ ಎಲ್ಲರಷ್ಟೇ ಕೂಲಿ ಎಂದರೆ ಆ ವಿದ್ಯೆ ಇನ್ನೂ ಬೇಗ ಅಳಿದೀತು.

ಆದರೆ ಇದೇ ಅಳತೆಗೋಲನ್ನು ಸುಲಿಯುವವಳಿಗೂ ಹಿಡಿಯಬೇಕಲ್ಲವೇ? ಕಾಯಿಗೆ ಗಾಯವಾಗದಂತೆ ಸಿಪ್ಪೆ ಬಿಡಿಸುವ ಕೈಚಳಕ ಒಂದು ದಿನದಲ್ಲಿ ಬರುವಂಥದಲ್ಲ. ಕತ್ತಿಯ ಅಪಾಯವಿದೆ, ಗಂಟೆಗಟ್ಟಲೆ ಕುಳಿತ ಬೆನ್ನಿನ ನೋವಿದೆ. ಆದರೂ ಅದು ಕೌಶಲವೆಂದು ಎಣಿಕೆಯಾಗುವುದಿಲ್ಲ. ತಾಯಿಯಿಂದ ಮಗಳು ಮನೆಯಂಗಳದಲ್ಲಿ ಕಲಿತ ವಿದ್ಯೆಗೆ ಪ್ರಮಾಣಪತ್ರವಿಲ್ಲ; ಪ್ರಮಾಣಪತ್ರವಿಲ್ಲದ್ದನ್ನು ನಾವು ಹೆಣ್ಣಿನ ಹುಟ್ಟುಗುಣವೆಂದು ಕರೆದು ಸುಮ್ಮನಾಗುತ್ತೇವೆ.

ಕಾನೂನು ಏನು ಹೇಳುತ್ತದೆ? ಗಂಡಸರಿಗೂ ಹೆಂಗಸರಿಗೂ ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದು ಸಂವಿಧಾನದ 39ನೆಯ ವಿಧಿಯಲ್ಲಿದೆ. 1976ರ ಸಮಾನ ವೇತನ ಕಾಯ್ದೆಯು ಒಂದೇ ಕೆಲಸ ಅಥವಾ ಒಂದೇ ಬಗೆಯ ಕೆಲಸದ ಮಾತನ್ನಷ್ಟೇ ಆಡಿತು. ಮರವೇರುವುದೂ ಸುಲಿಯುವುದೂ ಒಂದೇ ಬಗೆಯ ಕೆಲಸವಲ್ಲವಾದ್ದರಿಂದ ಆ ಹೋಲಿಕೆಯೇ ಅಲ್ಲಿ ಏಳಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ಒಪ್ಪಂದವು ಇನ್ನೊಂದು ಹೆಜ್ಜೆ ಮುಂದಿಟ್ಟು, ಸಮಾನ ಮೌಲ್ಯದ ಕೆಲಸ ಎಂದಿತು. 1958ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಕೆಲಸದ ಹೆಸರು ಬೇರೆಯಾದರೂ ಅದರ ಬೆಲೆಯನ್ನು ತೂಗಿ ನೋಡಬೇಕೆಂಬುದು ಅದರ ಸಾರ.

ಜಗಳೂರಿನ ಬರದ ನೆಲಕ್ಕೆ ಬನ್ನಿ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ 2024-25ರಲ್ಲಿ ಕರ್ನಾಟಕದ ದಿನಗೂಲಿ 349 ರೂಪಾಯಿ. ಗಂಡಿಗೂ ಹೆಣ್ಣಿಗೂ ಅದೇ ದರ. ಇದು ದೊಡ್ಡ ಮಾತು. ಆದರೆ ಅದೇ ಕಾಯ್ದೆಯು ಕೂಲಿಗೆ 60, ಸಾಮಗ್ರಿಗೆ 40 ಎಂದು ವೆಚ್ಚವನ್ನು ಹಂಚಿ, ಕುಶಲ ಮತ್ತು ಅರೆಕುಶಲರ ಕೂಲಿಯನ್ನು ಸಿಮೆಂಟು, ಕಲ್ಲುಗಳ ಸಾಲಿಗೆ ಸೇರಿಸಿತು. ಇತ್ತ ನೀರು ಯಾವ ಕಡೆ ಹರಿಯುವುದು, ಬದು ಎಲ್ಲಿ ನಿಲ್ಲುವುದು ಎಂದು ಬಲ್ಲ ಹಿರಿಯ ರೈತಕೂಲಿಯು ಅಕುಶಲರ ಪಟ್ಟಿಯಲ್ಲೇ ಉಳಿದ.

ಇದರಲ್ಲಿ ಪರಿಸರದ ಪ್ರಶ್ನೆಯೂ ಇದೆ. ಹೊನ್ನಾಳಿ, ನ್ಯಾಮತಿಗಳ ಮೆಕ್ಕೆಜೋಳದ ಹೊಲದಲ್ಲಿ ಪೈರನ್ನು ಉಳಿಸಿ ಕಳೆಯನ್ನು ಮಾತ್ರ ಕೀಳುವ ಕೈಗೆ ತಕ್ಕ ಬೆಲೆ ಸಿಗದಿದ್ದರೆ, ಆ ಕೈ ಪೇಟೆಯತ್ತ ನಡೆಯುತ್ತದೆ. ಅದರ ಜಾಗಕ್ಕೆ ಕಳೆನಾಶಕ ಬರುತ್ತದೆ. ಮಳೆ ಬಂದಾಗ ಅದು ಹಳ್ಳ-ಕೆರೆಗಳನ್ನು ಸೇರುತ್ತದೆ.

ಸಣ್ಣ ಹಿಡುವಳಿದಾರರು ಕೇಳಬಹುದು: ಬೆಲೆ ಕುಸಿದ ವರ್ಷ ಎಲ್ಲಿಂದ ಕೊಡಲಿ? ಕೇಳತಕ್ಕ ಮಾತೇ. ನಮ್ಮ ಮುಯ್ಯಾಳು ಪದ್ಧತಿಯಲ್ಲಿ ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆಯೇ ಸಾಟಿ; ಜಾಣನ ದಿನ, ದಡ್ಡನ ದಿನ ಎಂಬ ಭೇದವಿರಲಿಲ್ಲ. ಸಣ್ಣವರಿಗೆ ಇಂದಿಗೂ ಅದು ಆಸರೆಯಾಗಬಲ್ಲದು. ಆದರೆ ಮುಯ್ಯಿ ತೀರಿಸಿಕೊಳ್ಳಲು ಹೊಲ ಬೇಕು. ಭೂಮಿಯಿಲ್ಲದವರಿಗೆ ಕೂಲಿಯೊಂದೇ ಗತಿ. ಆದಕಾರಣ ಅವರ ಕೂಲಿಯನ್ನು ಕಡಿತದ ಮೊದಲ ಬಾಬ್ತಾಗಿಸುವುದು ಸಲ್ಲದು.

ನನ್ನ ನಿಲುವು ಇಷ್ಟು. ಎಲ್ಲರಿಗೂ ಒಂದೇ ಕೂಲಿ ಎಂದು ನಾನು ವಾದಿಸುವುದಿಲ್ಲ. ಮೊದಲನೆಯದಾಗಿ, ಅತಿ ಕಡಿಮೆ ಕೂಲಿಯೂ ಒಂದು ಸಂಸಾರ ಮಾನದಿಂದ ಬದುಕುವಷ್ಟಿರಬೇಕು. ಎರಡನೆಯದಾಗಿ, ಅದರ ಮೇಲಿನ ಅಂತರಕ್ಕೆ ಬಾಯಿಬಿಟ್ಟು ಹೇಳಬಲ್ಲ ಕಾರಣವಿರಬೇಕು: ಕಲಿಕೆಯ ಕಾಲ, ಅಪಾಯ, ದೇಹದ ಸವೆತ. ಜಾತಿಯಾಗಲಿ ಲಿಂಗವಾಗಲಿ ಕಾರಣವಾಗಕೂಡದು. ಮೂರನೆಯದಾಗಿ, ಬಿದ್ದವನಿಗೂ ಕೈ ಕೊಯ್ದುಕೊಂಡವಳಿಗೂ ವಿಮೆ ಇರಬೇಕು. ತೋಟದ ಮಾಲೀಕನಾಗಲಿ ಖೇಣಿದಾರನಾಗಲಿ ಆ ಹೊಣೆಯಿಂದ ಜಾರಿಕೊಳ್ಳಬಾರದು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮುಂದಿನ ಕೊಯ್ಲಿಗೆ ಮುನ್ನ ನಿಮ್ಮೂರಿನ ಒಂದೊಂದು ಕೆಲಸವನ್ನೂ ಪಟ್ಟಿ ಮಾಡಿ. ಕಲಿಯಲು ಎಷ್ಟು ಕಾಲ, ಅಪಾಯವೇನು, ಕೂಲಿಯೆಷ್ಟು ಎಂದು ಎದುರೆದುರು ಬರೆಯಿರಿ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಓದಿರಿ. ಅಕುಶಲ ಎಂಬ ಪದ ಎಷ್ಟು ಸಾಲುಗಳಲ್ಲಿ ಉಳಿಯುವುದೆಂದು ಊರೇ ನೋಡಲಿ.